ವರ್ಣ ಮತ್ತು ವರ್ಣಮಾಲೆ: ಬಣ್ಣದ ಮೂಲಕ ಅಕ್ಷರ ಪರಿಚಯ

'ವರ್ಣ'ವೆಂಬ ಒಂದೇ ಶಬ್ದವು ಬಣ್ಣವನ್ನೂ ಸೂಚಿಸುತ್ತದೆ, ಅಕ್ಷರವನ್ನೂ ಸೂಚಿಸುತ್ತದೆ. ಶಬ್ದದಲ್ಲಿ ಕೂಡಿಕೊಂಡಿರುವ ಈ ಎರಡು ಅರ್ಥಗಳನ್ನು ಶಿಶುಶಿಕ್ಷಣದಲ್ಲಿಯೂ ಕೂಡಿಸಬಹುದೆ ಎಂಬುದು ಹೊರನಾಡ ಕನ್ನಡಿಗರಿಗೆ ಕೇವಲ ವಿನೋದದ ಪ್ರಶ್ನೆಯಲ್ಲ. ಮುಂಬಯಿಯಲ್ಲಿಯೋ ಚೆನ್ನೈಯಲ್ಲಿಯೋ ದೆಹಲಿಯಲ್ಲಿಯೋ ಬೆಳೆಯುವ ಮಗುವಿಗೆ ಕನ್ನಡವು ಕಿವಿಯ ಭಾಷೆಯಾಗಿ ಮನೆಯಲ್ಲಿ ದೊರೆಯುತ್ತದೆ. ಕಣ್ಣಿನ ಭಾಷೆಯಾಗಿ ದೊರೆಯುವುದು ವಿರಳ. ಅಂಗಡಿಯ ಫಲಕ, ಬಸ್ಸಿನ ಹಲಗೆ, ಶಾಲೆಯ ಪುಸ್ತಕ ಇವೆಲ್ಲವೂ ಬಹುಮಟ್ಟಿಗೆ ಬೇರೆ ಲಿಪಿಯವು. ಕನ್ನಡ ನಾಡಿನ ಮಗು ಬೀದಿಯಲ್ಲಿ ಅರಿವಿಲ್ಲದೆಯೇ ನೋಡಿ ಪಳಗುವ ಅಕ್ಷರವನ್ನು ಇಲ್ಲಿಯ ಮಗುವಿಗೆ ಬೇಕೆಂದೇ ತೋರಿಸಬೇಕಾಗುತ್ತದೆ. ಅಕ್ಷರವು ತಪ್ಪಿದರೆ ಭಾಷೆಯು ಅಡುಗೆಮನೆಯ ಮಾತಾಗಿ ಉಳಿದು, ತಂದೆತಾಯಿಗಳು ಕೂಡಿಟ್ಟ ಪುಸ್ತಕಗಳು ಓದುವವರಿಲ್ಲದೆ ಕಪಾಟಿನಲ್ಲಿ ನಿಲ್ಲುತ್ತವೆ.

ಕನ್ನಡ ವರ್ಣಮಾಲೆಯಲ್ಲಿ 13 ಸ್ವರಗಳು, 2 ಯೋಗವಾಹಗಳು, 34 ವ್ಯಂಜನಗಳು, ಒಟ್ಟು 49 ಅಕ್ಷರಗಳುಂಟು. ಕಾಗುಣಿತ ಮತ್ತು ಒತ್ತಕ್ಷರಗಳನ್ನು ಸೇರಿಸಿದರೆ ಮಗು ಗುರುತಿಸಬೇಕಾದ ರೂಪಗಳು ನೂರಾರು. ಕನ್ನಡ ಮಕ್ಕಳ ಓದಿನ ಬಗೆಗೆ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವು, ಈ ಅಕ್ಷರಜ್ಞಾನವು ಒಂದೆರಡು ವರ್ಷಗಳಲ್ಲಿ ಮುಗಿಯದೆ ಪ್ರಾಥಮಿಕ ಶಾಲೆಯ ಮುಂದಿನ ತರಗತಿಗಳವರೆಗೂ ಸಾಗುವುದೆಂದು ತೋರಿಸಿಕೊಟ್ಟಿತು. ಆದುದರಿಂದ ಮೊದಲ ಮೆಟ್ಟಿಲಲ್ಲಿ ಬೇಕಾದುದು ಅವಸರವಲ್ಲ, ರೂಪಭೇದವನ್ನು ಕಾಣುವ ಕಣ್ಣು.

ಕೈಯ ಮೂಲಕ ಕಣ್ಣಿಗೆ ಕಲಿಸುವ ಪದ್ಧತಿ ನಮಗೆ ಹೊಸದಲ್ಲ. ಮರಳಿನ ಮೇಲೆ ಬೆರಳಿನಿಂದ, ಸ್ಲೇಟಿನ ಮೇಲೆ ಬಳಪದಿಂದ ಅಕ್ಷರವನ್ನು 'ತಿದ್ದಿಸು'ವುದು ನಮ್ಮ ಹಿರಿಯರ ಕ್ರಮ. 1907ರಲ್ಲಿ ರೋಮ್ ನಗರದಲ್ಲಿ ಶಿಶುಗೃಹವನ್ನು ತೆರೆದ ಮರಿಯಾ ಮಾಂಟೆಸೊರಿ ಅವರು ಉಪ್ಪುಕಾಗದದ ಅಕ್ಷರಗಳನ್ನು ಬೆರಳಿನಿಂದ ಸವರಿಸಿದರು. ಲೋಹದ ಅಚ್ಚುಗಳ ಅಂಚನ್ನು ಬರೆಯಿಸಿ, ಒಳಭಾಗವನ್ನು ಬಣ್ಣದ ಸೀಸದಕಡ್ಡಿಯಿಂದ ತುಂಬಿಸಿದರು. ಎಲ್ಲೆಯನ್ನು ಮೀರದೆ ಬಣ್ಣ ತುಂಬುವ ಕೈ ಲೇಖನಿಯನ್ನು ಹಿಡಿಯಲು ಸಿದ್ಧವಾಗುತ್ತದೆಂಬುದು ಅವರ ತತ್ತ್ವ. 1939ರಲ್ಲಿ ಅವರು ಮದರಾಸಿನ ಅಡಿಯಾರಿಗೆ ಬಂದು ಶಿಕ್ಷಕರನ್ನು ತರಬೇತುಗೊಳಿಸಿದ ಬಳಿಕ ಈ ತತ್ತ್ವವು ನಮ್ಮ ದೇಶದಲ್ಲಿ ವ್ಯಾಪಕವಾಗಿ ಪರಿಚಿತವಾಯಿತು.

ಆದರೆ ಪೇಟೆಯಲ್ಲಿ ದೊರೆಯುವ ಬಣ್ಣದ ಪುಸ್ತಕಗಳಲ್ಲಿ ಒಂದು ದೋಷವು ಸಾಮಾನ್ಯ. ಮೂಲೆಯಲ್ಲಿ 'ಆ' ಎಂಬ ಅಕ್ಷರ, ಪುಟದ ತುಂಬ ಆನೆ. ಮಗು ಶ್ರದ್ಧೆಯಿಂದ ಆನೆಗೆ ಬಣ್ಣ ಬಳಿಯುತ್ತದೆ. ಅಕ್ಷರದ ಕಡೆ ಕಣ್ಣು ಹಾಯಿಸುವುದೇ ಇಲ್ಲ. ಬಣ್ಣವಿರುವಲ್ಲಿ ಗಮನವಿರುತ್ತದೆ. ಆದಕಾರಣ ಬಣ್ಣವು ಚಿತ್ರಕ್ಕಲ್ಲ, ಅಕ್ಷರಕ್ಕೆ ಸಲ್ಲಬೇಕು; ಅಕ್ಷರದಲ್ಲಿಯೂ ಒಂದನ್ನು ಇನ್ನೊಂದರಿಂದ ಬೇರ್ಪಡಿಸುವ ಅಂಗಕ್ಕೆ ವಿಶೇಷವಾಗಿ ಸಲ್ಲಬೇಕು.

ಉದಾಹರಣೆಗೆ, 'ಪ'ಕಾರದೊಳಗೆ ಒಂದು ಗೆರೆಯನ್ನು ಎಳೆದರೆ 'ಷ'ಕಾರ. 'ರ'ಕಾರದ ನಡುವೆ ಬಿಂದುವಿಟ್ಟರೆ 'ಠ'ಕಾರ. ದೊಡ್ಡದಾದ ಟೊಳ್ಳು ಅಕ್ಷರವನ್ನು ಬರೆದುಕೊಟ್ಟು, ಸಮಾನವಾದ ಭಾಗಕ್ಕೆ ನೀಲಿಯನ್ನೂ ಭೇದಕವಾದ ಭಾಗಕ್ಕೆ ಕೆಂಪನ್ನೂ ತುಂಬಿಸಿದರೆ ಮಗುವಿಗೆ ವಿವರಣೆಯ ಅಗತ್ಯ ಬೀಳದು. ಚ-ಛ, ಡ-ಢ, ದ-ಧ, ಪ-ಫ ಎಂಬ ಜೋಡಿಗಳಲ್ಲಿ ಈ ಕ್ರಮದ ಫಲ ಇಮ್ಮಡಿಯಾಗುತ್ತದೆ. ಇಲ್ಲಿ ಅಡಿಯಲ್ಲಿ ಸೇರುವ ಚಿಕ್ಕ ಗೀಟೇ ಮಹಾಪ್ರಾಣದ ಗುರುತು. ಅದಕ್ಕೆ ಕೆಂಪು ಹಚ್ಚುತ್ತ ಉಸಿರನ್ನು ಒತ್ತಿ ಉಚ್ಚರಿಸಿದ ಮಗು ರೂಪವನ್ನೂ ಧ್ವನಿಯನ್ನೂ ಒಟ್ಟಿಗೆ ಗ್ರಹಿಸುತ್ತದೆ. ಹಾಗೆಯೇ ತಲೆಕಟ್ಟಿಗೆ ಒಂದು ಬಣ್ಣವನ್ನು ಗೊತ್ತುಮಾಡಿದರೆ, ತಲೆಕಟ್ಟಿಲ್ಲದ ಖ, ಜ, ಟ, ಣ, ಬ, ಲ ಎಂಬವು ತಾವಾಗಿಯೇ ಬೇರೆ ಗುಂಪಾಗಿ ಕಾಣುತ್ತವೆ. ಕೆಂಪು ಹಸಿರುಗಳ ಭೇದವು ಕಾಣದ ಮಕ್ಕಳೂ ಇರುವುದರಿಂದ ಆ ಎರಡನ್ನು ಜೊತೆಯಾಗಿ ಬಳಸದಿರುವುದು ಲೇಸು.

ನೆರೆಯ ಲಿಪಿಯ ಪ್ರಭಾವವನ್ನೂ ಗಮನಿಸಬೇಕು. ನಾಗರಿಯನ್ನು ಕಲಿತ ಮುಂಬಯಿ, ಪುಣೆಯ ಮಗುವಿಗೆ ಕ ಖ ಗ ಘ ಎಂಬ ಅನುಕ್ರಮವು ಆಗಲೇ ಬಾಯಿಪಾಠ; ಹೊಸದು ಕನ್ನಡದ ದುಂಡು ರೂಪ ಮಾತ್ರ. ಹೈದರಾಬಾದಿನಲ್ಲಿ ಸ್ಥಿತಿ ಬೇರೆ. ಕನ್ನಡ ತೆಲುಗು ಲಿಪಿಗಳು ಒಂದೇ ಮೂಲದಿಂದ ಕವಲೊಡೆದವಾದುದರಿಂದ ಹೋಲಿಕೆಯೇ ಗೊಂದಲಕ್ಕೆ ಕಾರಣವಾಗಬಲ್ಲದು. ಅಲ್ಲಿ ತಲೆಕಟ್ಟಿನ ಭೇದಕ್ಕೆ ಬಣ್ಣ ಮೊದಲು ಸಲ್ಲಬೇಕು.

ಬಣ್ಣಕ್ಕೂ ಒಂದು ಮಿತಿಯುಂಟು. ಓದು ಬಾರದ ಐದು ವರ್ಷದ ಮಕ್ಕಳನ್ನು ಕುರಿತು ಕೆರಿನ್ ಜೇಮ್ಸ್ ಮತ್ತು ಲಾರಾ ಎಂಗೆಲ್‌ಹಾರ್ಟ್ ಅವರು ಅಮೆರಿಕದಲ್ಲಿ ನಡೆಸಿ 2012ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಇಂಗ್ಲಿಷ್ ಅಕ್ಷರವನ್ನು ಕೀಲಿಯೊತ್ತಿ ಮೂಡಿಸಿದಾಗಲೂ ಗೆರೆಯ ಮೇಲೆ ತಿದ್ದಿದಾಗಲೂ ಕಾಣದಷ್ಟು ಚಟುವಟಿಕೆಯು, ಸ್ವತಂತ್ರವಾಗಿ ಕೈಯಿಂದ ಬರೆದ ಬಳಿಕ, ಓದಿಗೆ ಸಂಬಂಧಿಸಿದ ಮಿದುಳಿನ ಭಾಗಗಳಲ್ಲಿ ಕಂಡುಬಂದಿತು. ಸಿದ್ಧವಾದ ಎಲ್ಲೆಯೊಳಗೆ ಬಣ್ಣ ತುಂಬುವುದೂ ತಿದ್ದುವುದರ ಜಾತಿಯದೇ. ಆದುದರಿಂದ ಎರಡು ಬಣ್ಣದಿಂದ ಒಂದು ಬಣ್ಣಕ್ಕೆ, ಅಲ್ಲಿಂದ ಬರಿಯ ಗೆರೆಗೆ, ಕೊನೆಗೆ ಖಾಲಿ ಹಾಳೆಗೆ ಮಗುವನ್ನು ನಡೆಸಬೇಕು. ಅಲ್ಲಿ ಮೂಡುವ ಅಕ್ಷರ ಸೊಟ್ಟಗಿದ್ದರೂ ಬೆಲೆಯುಳ್ಳದ್ದು.

ಇದಕ್ಕೆ ದುಬಾರಿ ಸಾಮಗ್ರಿ ಬೇಡ. ಹೋಲುವ ಅಕ್ಷರಗಳ ಜೋಡಿಗಳನ್ನು ದಪ್ಪ ಗೆರೆಯಲ್ಲಿ ಅಚ್ಚುಹಾಕಿಸಿದ ಹತ್ತು ಹಾಳೆಗಳು, ಎರಡು ಬಣ್ಣದ ಕಡ್ಡಿಗಳು, ಪಕ್ಕದಲ್ಲಿ ಕುಳಿತು ಅಕ್ಷರವನ್ನು ಉಚ್ಚರಿಸುವ ಅಜ್ಜಿಯೋ ತಂದೆಯೋ ಇದ್ದರೆ ಸಾಕು. ಹಾಳೆಗಳನ್ನು ಒದಗಿಸುವುದು ಯಾವ ಕನ್ನಡ ಸಂಘಕ್ಕೂ ಅಸಾಧ್ಯವಲ್ಲ. ಪಕ್ಕದಲ್ಲಿ ಕುಳಿತುಕೊಳ್ಳುವ ಹೊಣೆ ಮಾತ್ರ ಮನೆಯವರದು.