ಪೆಟ್ರೋಲ್ ದರ: ದೇಶದೇಶಗಳ ಹೋಲಿಕೆಯ ಒಳಲೆಕ್ಕ

ಅಮೆರಿಕದಲ್ಲಿ ಪೆಟ್ರೋಲ್ ಅಗ್ಗ, ಬ್ರಿಟನ್ನಿನಲ್ಲಿ ದುಬಾರಿ ಎಂಬ ಮಾತು ವರ್ತಕರಲ್ಲಿ ಆಗಾಗ್ಗೆ ಕೇಳಿಬರುತ್ತದೆ. ಕಚ್ಚಾ ತೈಲದ ಬೆಲೆ ಉಭಯ ದೇಶಗಳಿಗೂ ಬಹುಮಟ್ಟಿಗೆ ಒಂದೇ ಆಗಿರುವುದರಿಂದ ಈ ಅಂತರಕ್ಕೆ ಮುಖ್ಯ ಕಾರಣ ತೆರಿಗೆಯೇ. ಅಮೆರಿಕದ ಕೇಂದ್ರ ತೆರಿಗೆ 1993ರಲ್ಲಿ ಗ್ಯಾಲನ್ನಿಗೆ 18.4 ಸೆಂಟ್ ಎಂದು ನಿಗದಿಯಾಗಿ ದಶಕಗಳ ಕಾಲ ಅಲ್ಲಿಯೇ ನಿಂತಿತು. ಅಲ್ಲಿಯ ಗ್ಯಾಲನ್ 3.785 ಲೀಟರ್, ಎಂದರೆ ಲೀಟರಿಗೆ 5 ಸೆಂಟ್‌ಗಿಂತಲೂ ಕಡಿಮೆ. ರಾಜ್ಯಗಳ ತೆರಿಗೆ ಬೇರೆ. ಬ್ರಿಟನ್ನಿನಲ್ಲಾದರೋ 2022ರ ಮಾರ್ಚ್‌ನಲ್ಲಿ ಇಳಿಸಿದ ಮೇಲೂ ಇಂಧನ ಸುಂಕ ಲೀಟರಿಗೆ 52.95 ಪೆನ್ಸ್ ಇತ್ತು. ಸುಂಕವೂ ಸೇರಿದ ಮೊತ್ತದ ಮೇಲೆ ಶೇ. 20ರ ವ್ಯಾಟ್.

ಆದರೆ ಉದ್ದಿಮೆದಾರರು ಗಮನಿಸಬೇಕಾದುದು ಬಂಕಿನ ಫಲಕದ ದರವನ್ನಲ್ಲ, ಲೆಕ್ಕಪುಸ್ತಕದಲ್ಲಿ ಕಡೆಗೆ ಉಳಿಯುವ ವೆಚ್ಚವನ್ನು. ಬ್ರಿಟನ್ನಿನ ನೋಂದಾಯಿತ ವರ್ತಕನು ವ್ಯವಹಾರಕ್ಕೆ ಬಳಸಿದ ಇಂಧನದ ವ್ಯಾಟನ್ನು ಮರಳಿ ಪಡೆಯಬಲ್ಲನು. ಭಾರತದಲ್ಲಿ ಪೆಟ್ರೋಲ್, ಡೀಸೆಲ್‌ಗಳನ್ನು 2017ರ ಜುಲೈ 1ರಂದು ಜಾರಿಗೆ ಬಂದ ಜಿಎಸ್‌ಟಿಯಿಂದ ಹೊರಗಿರಿಸಲಾಯಿತು. ಆದ್ದರಿಂದ ಕೇಂದ್ರದ ಅಬಕಾರಿ ಸುಂಕಕ್ಕಾಗಲಿ, ರಾಜ್ಯದ ಮಾರಾಟ ತೆರಿಗೆಗಾಗಲಿ ಅದರಡಿ ಇನ್‌ಪುಟ್ ಕ್ರೆಡಿಟ್ ದೊರೆಯದು. ಕಾರ್ಖಾನೆಯ ಜನರೇಟರಿಗೆ ಹಾಕಿದ ಡೀಸೆಲ್‌ನ ತೆರಿಗೆ ಸರಕಿನ ಬೆಲೆಯೊಳಗೆ ಸೇರಿ, ಅದರ ಮೇಲೆ ಮತ್ತೆ ಜಿಎಸ್‌ಟಿ ಬೀಳುತ್ತದೆ. ಇಂತಹ ಅಡಗಿದ ತೆರಿಗೆಗಳನ್ನು ಹಿಂದಿರುಗಿಸಲೆಂದು 2021ರ ಜನವರಿಯಲ್ಲಿ ಆರಂಭವಾದ ರೊಡ್‌ಟೆಪ್ ಯೋಜನೆ ರಫ್ತುದಾರರಿಗೆ ಸೀಮಿತವಾದುದು. ದೇಶದೊಳಗಿನ ಮಾರಾಟಕ್ಕೆ ಅನ್ವಯಿಸದು.