ಪತ್ರಿಕೋದ್ಯಮ ಸ್ನಾತಕೋತ್ತರ ಪದವಿ ವ್ಯಾಸಂಗ: ಚಿತ್ರದುರ್ಗ ಜಿಲ್ಲೆಯ ಅಭ್ಯರ್ಥಿಗಳಿಗೆ ಮಾಹಿತಿ

ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರು ಸಮಾಚಾರ’ವು 1843ರಲ್ಲಿ ಆರಂಭವಾಯಿತು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪತ್ರಿಕೋದ್ಯಮ ಬೋಧನೆಯು 1951ರಲ್ಲಿ ಪ್ರಾರಂಭಗೊಂಡಿತು. ಇಂದು ರಾಜ್ಯದ ಹಲವು ವಿಶ್ವವಿದ್ಯಾಲಯಗಳಲ್ಲಿ ಈ ವಿಷಯದ ಸ್ನಾತಕೋತ್ತರ ಪದವಿ ಲಭ್ಯವಿದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಹಾಗೂ ಹೊಳಲ್ಕೆರೆ ತಾಲ್ಲೂಕುಗಳ ಪದವೀಧರರ ಅನುಕೂಲಕ್ಕಾಗಿ ಈ ಕೆಳಗಿನ ವಿವರಗಳನ್ನು ನೀಡಲಾಗಿದೆ.

ವ್ಯಾಸಂಗದ ಸ್ವರೂಪ

ಇದು ಎರಡು ವರ್ಷಗಳ, ನಾಲ್ಕು ಸೆಮಿಸ್ಟರ್‌ಗಳ ವ್ಯಾಸಂಗವಾಗಿರುತ್ತದೆ. ವರದಿಗಾರಿಕೆ, ಸಂಪಾದನೆ, ಸಂವಹನ ಸಿದ್ಧಾಂತ, ಮಾಧ್ಯಮ ಕಾನೂನು, ಸಂಶೋಧನಾ ವಿಧಾನ ಹಾಗೂ ವಿದ್ಯುನ್ಮಾನ ಮಾಧ್ಯಮಗಳು ಪ್ರಮುಖ ವಿಷಯಗಳು. ಪ್ರಬಂಧ ರಚನೆಗೆ ಸ್ವಂತ ಜಿಲ್ಲೆಯ ವಿಷಯಗಳನ್ನೇ ಆಯ್ದುಕೊಳ್ಳಬಹುದು. ಹಿರಿಯೂರಿನ ವಾಣಿವಿಲಾಸ ಸಾಗರವು 1933ರ ನಂತರ 2022ರಲ್ಲಿ ಮೊದಲ ಬಾರಿಗೆ ಕೋಡಿ ಬಿದ್ದುದನ್ನು ಪತ್ರಿಕೆಗಳು ವರದಿ ಮಾಡಿದ ಬಗೆ, ಭದ್ರಾ ಮೇಲ್ದಂಡೆ ಯೋಜನೆ ಕುರಿತ ಸುದ್ದಿಗಳು ಇದಕ್ಕೆ ಉದಾಹರಣೆ.

ಪ್ರವೇಶಕ್ಕೆ ಅರ್ಹತೆ

ಸಾಮಾನ್ಯವಾಗಿ ಕಲೆ, ವಾಣಿಜ್ಯ, ವಿಜ್ಞಾನ ಮುಂತಾದ ಯಾವುದೇ ವಿಭಾಗದ ಪದವೀಧರರು ಅರ್ಜಿ ಸಲ್ಲಿಸಬಹುದು. ಕನಿಷ್ಠ ಅಂಕ ಹಾಗೂ ಮೀಸಲಾತಿಯನ್ನು ಆಯಾ ವರ್ಷದ ಅಧಿಸೂಚನೆಯಲ್ಲಿ ನೋಡಿಕೊಳ್ಳತಕ್ಕದ್ದು. ಚಿತ್ರದುರ್ಗ ಜಿಲ್ಲೆಯು ಸಂವಿಧಾನದ 371(ಜೆ) ವಿಧಿಯ ವ್ಯಾಪ್ತಿಗೆ ಒಳಪಡದ ಕಾರಣ ಆ ಮೀಸಲಾತಿಯನ್ನು ಕೋರಲು ಅವಕಾಶವಿರುವುದಿಲ್ಲ.

ಎಲ್ಲಿ ವ್ಯಾಸಂಗ ಮಾಡಬಹುದು

1. ದಾವಣಗೆರೆ ವಿಶ್ವವಿದ್ಯಾಲಯ, ಶಿವಗಂಗೋತ್ರಿ, ತೋಳಹುಣಸೆ. 2009ರಲ್ಲಿ ಸ್ಥಾಪನೆಯಾದ ಈ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಚಿತ್ರದುರ್ಗ ಜಿಲ್ಲೆಯೂ ಸೇರಿದೆ. ಹೊಸದುರ್ಗ ರಸ್ತೆ ಹಾಗೂ ಚಿಕ್ಕಜಾಜೂರು ನಿಲ್ದಾಣಗಳಿಂದ ದಾವಣಗೆರೆಗೆ ರೈಲು ಸಂಪರ್ಕವಿದೆ.
2. ಕುವೆಂಪು ವಿಶ್ವವಿದ್ಯಾಲಯ, ಜ್ಞಾನಸಹ್ಯಾದ್ರಿ, ಶಂಕರಘಟ್ಟ, ಭದ್ರಾವತಿ ತಾಲ್ಲೂಕು.
3. ಮೈಸೂರು ವಿಶ್ವವಿದ್ಯಾಲಯ, ಮಾನಸಗಂಗೋತ್ರಿ, ಮೈಸೂರು.

ದೂರಶಿಕ್ಷಣದ ಮೂಲಕ ಓದಬಯಸುವವರು ಆ ಕೋರ್ಸಿಗೆ ಆ ವರ್ಷ ವಿಶ್ವವಿದ್ಯಾಲಯ ಅನುದಾನ ಆಯೋಗದ ಮಾನ್ಯತೆ ಇರುವುದನ್ನು ಶುಲ್ಕ ಪಾವತಿಸುವ ಮೊದಲೇ ಖಚಿತಪಡಿಸಿಕೊಳ್ಳತಕ್ಕದ್ದು. ಮಾನ್ಯತೆಯಿಲ್ಲದ ಪದವಿಯು ಉದ್ಯೋಗಕ್ಕಾಗಲೀ ಸಂಶೋಧನೆಗಾಗಲೀ ಪರಿಗಣಿತವಾಗುವುದಿಲ್ಲ.

ಮುಂಚಿತವಾಗಿ ಸಿದ್ಧಪಡಿಸಿಕೊಳ್ಳಬೇಕಾದ ದಾಖಲೆಗಳು

1. ಎಲ್ಲ ಸೆಮಿಸ್ಟರ್‌ಗಳ ಅಂಕಪಟ್ಟಿಗಳು ಹಾಗೂ ಪದವಿ ಪ್ರಮಾಣ ಪತ್ರ.
2. ಬೇರೆ ವಿಶ್ವವಿದ್ಯಾಲಯಕ್ಕೆ ಸೇರುವವರಿಗೆ ವಲಸೆ ಪ್ರಮಾಣ ಪತ್ರ. ದಾವಣಗೆರೆ ವಿಶ್ವವಿದ್ಯಾಲಯ ಸ್ಥಾಪನೆಗೆ ಮುನ್ನ ಜಿಲ್ಲೆಯ ಕಾಲೇಜುಗಳು ಕುವೆಂಪು ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಆ ಅವಧಿಯ ಪದವೀಧರರು ಈ ಪತ್ರವನ್ನು ಶಂಕರಘಟ್ಟದಿಂದ ಪಡೆಯಬೇಕಾಗುತ್ತದೆ.
3. ನಾಡಕಚೇರಿಯಿಂದ ಪಡೆದ ಜಾತಿ ಮತ್ತು ಆದಾಯ ಪ್ರಮಾಣ ಪತ್ರ. ಇದರಲ್ಲಿನ ಆರ್.ಡಿ. ಸಂಖ್ಯೆಯನ್ನು ವಿದ್ಯಾರ್ಥಿವೇತನದ ಅರ್ಜಿಯಲ್ಲಿ ನಮೂದಿಸಬೇಕು.
4. ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ.

ಅಂಕಪಟ್ಟಿ, ಆಧಾರ್ ಹಾಗೂ ಪ್ರಮಾಣ ಪತ್ರಗಳಲ್ಲಿ ಹೆಸರು ಒಂದೇ ರೀತಿ ಇರತಕ್ಕದ್ದು. ವ್ಯತ್ಯಾಸವಿದ್ದಲ್ಲಿ ವಿದ್ಯಾರ್ಥಿವೇತನ ತಡೆಹಿಡಿಯಲ್ಪಡಬಹುದು. ತಿದ್ದುಪಡಿಗೆ ಸಮಯ ಬೇಕಾಗುವುದರಿಂದ ಪ್ರವೇಶ ಅಧಿಸೂಚನೆಗಾಗಿ ಕಾಯದೆ, ಅಂತಿಮ ಸೆಮಿಸ್ಟರ್‌ನಲ್ಲಿರುವಾಗಲೇ ಇವನ್ನು ಸರಿಪಡಿಸಿಕೊಳ್ಳುವುದು ಸೂಕ್ತ.

ವಿದ್ಯಾರ್ಥಿವೇತನ ಮತ್ತು ವಸತಿ

ಅರ್ಹ ವಿದ್ಯಾರ್ಥಿಗಳು ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದಲ್ಲಿ ಅರ್ಜಿ ಸಲ್ಲಿಸಬಹುದು. ಸಮಾಜ ಕಲ್ಯಾಣ ಇಲಾಖೆ ಹಾಗೂ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ವಿದ್ಯಾರ್ಥಿನಿಲಯಗಳಿಗೆ ಪ್ರತ್ಯೇಕ ಅರ್ಜಿ ಸಲ್ಲಿಸತಕ್ಕದ್ದು. ಕಾಲೇಜು ಪ್ರವೇಶ ದೊರೆತ ಮಾತ್ರಕ್ಕೆ ವಿದ್ಯಾರ್ಥಿನಿಲಯದ ಪ್ರವೇಶ ದೊರೆಯುವುದಿಲ್ಲ.

ವ್ಯಾಸಂಗದ ನಂತರ

ಪತ್ರಕರ್ತರಾಗಲು ಈ ಪದವಿಯನ್ನು ಕಾನೂನು ಕಡ್ಡಾಯಗೊಳಿಸಿಲ್ಲ. ಆದರೆ ಬೋಧನೆಗೆ ಇದು ಅವಶ್ಯಕ. ರಾಷ್ಟ್ರೀಯ ಅರ್ಹತಾ ಪರೀಕ್ಷೆಗೆ ಸ್ನಾತಕೋತ್ತರ ಪದವಿಯಲ್ಲಿ ಸಾಮಾನ್ಯ ವರ್ಗದವರು ಶೇ. 55, ಮೀಸಲಾತಿ ವರ್ಗದವರು ಶೇ. 50 ಅಂಕ ಗಳಿಸಿರಬೇಕು. ಆದ್ದರಿಂದ ಮೊದಲ ಸೆಮಿಸ್ಟರ್‌ನಿಂದಲೇ ಅಂಕಗಳ ಬಗ್ಗೆ ಗಮನವಿಡುವುದು ಒಳಿತು.

ಸೂಚನೆ: ಅಭ್ಯರ್ಥಿಗಳು ಮಧ್ಯವರ್ತಿಗಳನ್ನು ಅವಲಂಬಿಸದೆ ವಿಶ್ವವಿದ್ಯಾಲಯ ಹಾಗೂ ಸಂಬಂಧಪಟ್ಟ ತಾಲ್ಲೂಕು ಕಚೇರಿಗಳನ್ನು ನೇರವಾಗಿ ಸಂಪರ್ಕಿಸತಕ್ಕದ್ದು. ಅರ್ಜಿ ಹಾಗೂ ಶುಲ್ಕ ಪಾವತಿಯ ಪ್ರತಿಗಳನ್ನು ವ್ಯಾಸಂಗ ಪೂರ್ಣಗೊಳ್ಳುವವರೆಗೆ ಕಾಯ್ದಿರಿಸಿಕೊಳ್ಳುವುದು.