ಕಡಲಾಚೆಯಿಂದ ಬಂದ ಬಳ್ಳಿ

ಸುಗ್ಗಿ ಮುಗಿದು ಕಣದ ಕಾಳು ಮನೆ ಸೇರಿದ ಮೇಲೆ ನಮ್ಮ ಆನೆಗೊಂದಿಯ ಕಡೆಗೆ ಹೆಳವರು ಬರುತ್ತಿದ್ದರು. ಕೊರಳಿಗೆ ಗಂಟೆ ಕಟ್ಟಿದ ಎತ್ತಿನ ಮೇಲೆ ಕುಳಿತು ಬಂದ ಹೆಳವನು ಮನೆಯ ಮುಂದೆ ನಿಂತು, ಆ ಮನೆತನದ ಮೂಲಪುರುಷನು ಯಾವ ಊರಿನಿಂದ ಬಂದನು, ಅವನಿಗೆ ಮಕ್ಕಳೆಷ್ಟು ಮಂದಿ, ಯಾರು ಯಾವ ಊರಿಗೆ ಹೋಗಿ ನೆಲೆಸಿದರು ಎಂಬುದನ್ನು ನಿಲ್ಲದೆ ಹೇಳಿಬಿಡುತ್ತಿದ್ದನು. ಮನೆಯವರು ಅವನಿಗೆ ಕಾಳು, ಬಟ್ಟೆ ಕೊಟ್ಟು ಕಳುಹಿಸುತ್ತಿದ್ದರು. ನನ್ನ ಬಾಲ್ಯದಲ್ಲಿ ಒಮ್ಮೆ ಅಂತಹ ಹೆಳವನೊಬ್ಬನು ನಮ್ಮ ಏಳು ತಲೆಮಾರುಗಳ ಹೆಸರನ್ನು ಹೇಳಿ ಮುಗಿಸಿದಾಗ ನಾನು, “ನಮ್ಮ ಅಜ್ಜಿಯ ಹೆಸರು ಬರಲೇ ಇಲ್ಲವಲ್ಲ?” ಎಂದು ಕೇಳಿದೆ. ಅವನು ನಕ್ಕು, “ಹೆಣ್ಣಮಕ್ಕಳ ಬಳ್ಳಿ ಹಿಡದ್ರ ಅದು ಎಲ್ಲೆಲ್ಲೋ ಹಬ್ಬತದ, ತಮ್ಮಾ” ಎಂದನು. ಆ ಮಾತಿನ ಅರ್ಥ ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ, ಒಬ್ಬ ಆಂಗ್ಲನ ವಂಶಚರಿತ್ರೆಯನ್ನು ಓದುವಾಗ.

ಆ ಆಂಗ್ಲನ ಹೆಸರು ಫಿಲಿಪ್ ಮೆಡೋಸ್ ಟೇಲರ್. ಗಂಗಾವತಿಯಿಂದ ಪಶ್ಚಿಮಕ್ಕೆ ಸುಮಾರು 10 ಕಿಲೋಮೀಟರ್ ದೂರದಲ್ಲಿ ಹಿರೇಬೆಣಕಲ್ ಎಂಬ ಊರಿದೆ. ಅದರ ಬೆಟ್ಟದ ಮೇಲೆ ಕಲ್ಲಿನ ಚಪ್ಪಡಿಗಳನ್ನು ನಿಲ್ಲಿಸಿ ಕಟ್ಟಿದ ಸುಮಾರು 400 ಶಿಲಾಗೃಹಗಳಿವೆ. ಸುತ್ತಲಿನವರು ಅದನ್ನು ಮೊರೇರ ಗುಡ್ಡವೆನ್ನುತ್ತಾರೆ. ಸಹಸ್ರಾರು ವರ್ಷಗಳ ಹಿಂದಿನ ಈ ನೆಲೆಯನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ವಿದ್ವಾಂಸರ ಗಮನಕ್ಕೆ ತಂದವನು ಟೇಲರ್. 2021ರಲ್ಲಿ ಇದು ಯುನೆಸ್ಕೋ ಸಂಸ್ಥೆಯ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಯಲ್ಲಿ ಸೇರಿತು. ನಮ್ಮ ಪೂರ್ವಿಕರ ಗುರುತುಗಳನ್ನು ಹುಡುಕಿದ ಈ ಮನುಷ್ಯನ ಪೂರ್ವಿಕರು ಯಾರು? ಅದನ್ನು ತಿಳಿಯುವ ಬಗೆ ಹೇಗೆ?

ಇಂಗ್ಲೆಂಡಿನಲ್ಲಿ ಹೆಳವರಿಲ್ಲ, ಅವರ ಕೆಲಸವನ್ನು ಅಲ್ಲಿ ಕಾಗದವು ಮಾಡಿದೆ. 1538ರಲ್ಲಿ ಎಂಟನೆಯ ಹೆನ್ರಿಯ ಕಾಲದಲ್ಲಿ, ಪ್ರತಿಯೊಂದು ಚರ್ಚಿನಲ್ಲಿಯೂ ನಾಮಕರಣ, ಮದುವೆ, ಶವಸಂಸ್ಕಾರಗಳನ್ನು ಪುಸ್ತಕದಲ್ಲಿ ಬರೆದಿಡಬೇಕೆಂಬ ಆಜ್ಞೆಯಾಯಿತು. 1837ರಿಂದ ಜನನ ಮರಣಗಳ ದಾಖಲೆಯನ್ನು ಸರ್ಕಾರವೇ ಇಡತೊಡಗಿತು. ಭಾರತದಲ್ಲಿದ್ದ ಆಂಗ್ಲರ ವಿಷಯದಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಮದರಾಸು, ಮುಂಬಯಿ, ಕಲ್ಕತ್ತೆಗಳ ಚರ್ಚು ದಾಖಲೆಗಳ ನಕಲುಗಳನ್ನು ಲಂಡನ್ನಿಗೆ ತರಿಸಿಕೊಳ್ಳುತ್ತಿತ್ತು. ಅವು ಈಗ ಅಲ್ಲಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಇವುಗಳ ಜೊತೆಗೆ ಸಮಾಧಿಯ ಕಲ್ಲುಗಳು, ಉಯಿಲುಗಳು, ಪತ್ರಗಳು, ಆತ್ಮಕಥೆಗಳು ಸೇರಿದರೆ ಒಂದು ಮನೆತನದ ಕಥೆ ರೂಪುಗೊಳ್ಳುತ್ತದೆ. ಆದರೆ ಹೆಳವನ ಮಾತನ್ನು ಹೇಗೋ ಹಾಗೆಯೇ ಕಾಗದದ ಮಾತನ್ನೂ ಪರೀಕ್ಷಿಸದೆ ನಂಬಬಾರದು. ಯಾರು ಬರೆದರು, ಯಾವಾಗ ಬರೆದರು, ಯಾವುದನ್ನು ಬರೆಯದೆ ಬಿಟ್ಟರು ಎಂಬ ಮೂರು ಪ್ರಶ್ನೆಗಳನ್ನು ಕೇಳಿಯೇ ಮುಂದೆ ಹೋಗಬೇಕು.

ಟೇಲರನು ಹುಟ್ಟಿದ್ದು 1808ರ ಸೆಪ್ಟೆಂಬರ್ 25ರಂದು, ಲಿವರ್‌ಪೂಲ್ ಬಂದರಿನಲ್ಲಿ. ತಂದೆ ವ್ಯಾಪಾರಿ. ಅಜ್ಜ ಡಬ್ಲಿನ್ ನಗರದಲ್ಲಿ ಧರ್ಮಬೋಧಕ. ಇನ್ನೂ ಹಿಂದಕ್ಕೆ ಹೋದರೆ, ನಾರಿಚ್ ನಗರದಲ್ಲಿ ಬೋಧಕನಾಗಿದ್ದು ಹೀಬ್ರೂ ಭಾಷೆಯ ಪಂಡಿತನೆಂದು ಹೆಸರಾದ ಜಾನ್ ಟೇಲರ್ ಸಿಗುತ್ತಾನೆ. ಅವನ ಕಾಲ 1694ರಿಂದ 1761. ಇವರು ರಾಜ್ಯದ ಅಧಿಕೃತ ಚರ್ಚಿಗೆ ಸೇರದ ಪಂಥದವರು. ಆದುದರಿಂದ ಇಂತಹವರ ನಾಮಕರಣದ ದಾಖಲೆಗಳನ್ನು ಊರ ಚರ್ಚಿನ ಪುಸ್ತಕದಲ್ಲಿ ಹುಡುಕಿದರೆ ಸಾಲದು; ಅವರದೇ ಪ್ರಾರ್ಥನಾಮಂದಿರಗಳ ಪುಸ್ತಕಗಳನ್ನೂ ನೋಡಬೇಕು. ಇನ್ನು ‘ಮೆಡೋಸ್’ ಎಂಬ ನಡುವಿನ ಹೆಸರು ಎಲ್ಲಿಂದ ಬಂದಿತು? ಜಾನ್ ಟೇಲರನ ಮಗ ರಿಚರ್ಡನು ಮಾರ್ಗರೆಟ್ ಮೆಡೋಸ್ ಎಂಬಾಕೆಯನ್ನು ಮದುವೆಯಾದನು. ಆಕೆಯ ತವರಿನ ಹೆಸರೇ ಮುಂದಿನವರ ಹೆಸರಿನಲ್ಲಿ ಉಳಿದುಕೊಂಡಿತು. ತಂದೆಯಿಂದ ಮಗನಿಗೆ ಇಳಿಯುವ ಪಟ್ಟಿಯನ್ನಷ್ಟೇ ಹಿಡಿದಿದ್ದರೆ ಈ ಹೆಸರಿನ ಗುಟ್ಟು ಬಿಡುತ್ತಿರಲಿಲ್ಲ.

1824ರಲ್ಲಿ ಟೇಲರನು ಮುಂಬಯಿಗೆ ಬಂದಾಗ ಅವನಿಗೆ ಹದಿನೈದು ವರ್ಷ. ಹೆಚ್ಚುಕಡಿಮೆ ನಿಮ್ಮ ವಯಸ್ಸು. ವ್ಯಾಪಾರದ ಮಳಿಗೆಯೊಂದರಲ್ಲಿ ಗುಮಾಸ್ತನಾಗಿ ಸೇರಿ ಮುಂದೆ ಪಾಲುದಾರನಾಗಬಹುದೆಂಬ ಆಸೆಯಿಂದ ಬಂದವನಿಗೆ, ಆ ಮಳಿಗೆ ದಿವಾಳಿಯ ಅಂಚಿನಲ್ಲಿರುವುದು ಗೊತ್ತಾಯಿತು. ಬಂಧುವೊಬ್ಬನ ಸಹಾಯದಿಂದ ಅದೇ ವರ್ಷ ಅವನಿಗೆ ಹೈದರಾಬಾದಿನ ನಿಜಾಮನ ಸೈನ್ಯದಲ್ಲಿ ಕೆಲಸ ದೊರಕಿತು. ಹೀಗೆ ಅವನು ಕಂಪನಿಯ ನೌಕರನಾಗಲಿಲ್ಲ, ನಿಜಾಮನ ನೌಕರನಾದನು. ಆನೆಗೊಂದಿ, ಗಂಗಾವತಿ, ಕುಷ್ಟಗಿ, ಯಲಬುರ್ಗಿಗಳೆಲ್ಲ ಆಗ ನಿಜಾಮನ ಸೀಮೆಗೆ ಸೇರಿದ್ದವು. ಟೇಲರನು ಇಲ್ಲಿಯ ಭಾಷೆಗಳನ್ನು ಕಲಿತನು. ಠಕ್ಕರ ಜೀವನವನ್ನು ಕುರಿತು ಬರೆದು 1839ರಲ್ಲಿ ಪ್ರಕಟಿಸಿದ ಕಾದಂಬರಿಯಿಂದ ಇಂಗ್ಲೆಂಡಿನಲ್ಲಿ ಪ್ರಸಿದ್ಧನಾದನು.

ಈ ವಂಶಚರಿತ್ರೆಯ ಅತ್ಯಂತ ಕುತೂಹಲಕರ ಭಾಗವಿರುವುದು ಅವನ ಹೆಂಡತಿಯ ಕಡೆಯಲ್ಲಿ. ಆಕೆ ಮೇರಿ ಪಾಮರ್. ಹೆಸರನ್ನು ಓದಿದವರು ಆಕೆಯನ್ನು ಇಂಗ್ಲೆಂಡಿನಿಂದ ಬಂದ ಹುಡುಗಿಯೆಂದು ತಿಳಿಯುವುದು ಸಹಜ. ಆದರೆ ಆಕೆಯ ತಂದೆ ವಿಲಿಯಂ ಪಾಮರನು ಹುಟ್ಟಿದ್ದೇ ಈ ದೇಶದಲ್ಲಿ, 1780ರಲ್ಲಿ. ಅವನ ತಂದೆ, ಕಂಪನಿಯ ಸೇನಾಧಿಕಾರಿಯಾದ ಜನರಲ್ ವಿಲಿಯಂ ಪಾಮರ್. ತಾಯಿ ಲಕ್ನೋದಲ್ಲಿ ನೆಲೆಸಿದ್ದ ಮುಸ್ಲಿಂ ಮನೆತನದ ಫೈಜ್ ಬಕ್ಷ್. ಮೊಗಲ್ ಬಾದಶಹ ಶಾಹ್ ಆಲಮನು ಆಕೆಗೆ ಬೇಗಂ ಎಂಬ ಬಿರುದನ್ನು ಕೊಟ್ಟಿದ್ದನು.

ಇಂತಹ ಸಂಸಾರಗಳು ಆ ಕಾಲದಲ್ಲಿ ಅಪರೂಪವಾಗಿರಲಿಲ್ಲ. ಅಪರೂಪವಾಗಿದ್ದುದು ತಾಯಂದಿರ ಹೆಸರು ದಾಖಲೆಯಲ್ಲಿ ಉಳಿಯುವುದು. ಇಂತಹ ಮಕ್ಕಳ ನಾಮಕರಣವನ್ನು ಬರೆದುಕೊಂಡ ಎಷ್ಟೋ ಪುಟಗಳಲ್ಲಿ ತಂದೆಯ ಹೆಸರಿದೆ, ತಾಯಿಯ ಜಾಗ ಬರಿದಾಗಿದೆ. ಫೈಜ್ ಬಕ್ಷಳ ಮುಖವನ್ನು ನಮಗೆ ಉಳಿಸಿಕೊಟ್ಟದ್ದು ಒಂದು ಚಿತ್ರ. 1785ರ ಸುಮಾರಿನಲ್ಲಿ ಬರೆದ ಆ ತೈಲಚಿತ್ರದಲ್ಲಿ ಪಾಮರನೂ ಬೇಗಮಳೂ ಮಕ್ಕಳೊಡನೆ ಕುಳಿತಿದ್ದಾರೆ. ಅದೂ ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. ಪುಸ್ತಕಗಳು ಮುಚ್ಚಿಟ್ಟುದನ್ನು ಕುಂಚವು ಹೇಳಿತು.

ತಾಯಿ ಭಾರತೀಯಳೆಂಬುದು ಮಗನ ಬದುಕಿನ ದಾರಿಯನ್ನೇ ತಿರುಗಿಸಿತು. ತಂದೆತಾಯಿಗಳಲ್ಲಿ ಒಬ್ಬರು ಭಾರತೀಯರಾಗಿದ್ದರೆ ಅಂತಹವರನ್ನು ಕಂಪನಿಯ ಉನ್ನತ ಸೇವೆಗೆ ಸೇರಿಸಬಾರದೆಂಬ ಕಟ್ಟಳೆ 1791ರಲ್ಲಿ ಜಾರಿಗೆ ಬಂದಿತ್ತು. ಜನರಲನ ಮಗನಾದರೂ ವಿಲಿಯಂ ಪಾಮರನು ನಿಜಾಮನ ಸೈನ್ಯವನ್ನು ಸೇರಿ, ಅನಂತರ ಹೈದರಾಬಾದಿನಲ್ಲಿ ಲೇವಾದೇವಿಯ ದೊಡ್ಡ ಮಳಿಗೆಯನ್ನು ತೆರೆದನು. ನಿಜಾಮನ ಸರ್ಕಾರಕ್ಕೆ ಆ ಮಳಿಗೆ ಕೊಟ್ಟ ಸಾಲವೂ ಅದರ ಬಡ್ಡಿಯೂ ದೊಡ್ಡ ವಿವಾದಕ್ಕೆ ಕಾರಣವಾಗಿ, 1820ರ ದಶಕದಲ್ಲಿ ಮಳಿಗೆ ಕುಸಿಯಿತು. ವಂಶಚರಿತ್ರೆಯನ್ನು ಬರೆಯುವವನು ಅನ್ಯಾಯಕ್ಕೆ ಒಳಗಾದುದನ್ನೂ, ಇತರರಿಗೆ ಭಾರವಾದುದನ್ನೂ ಒಂದೇ ಪುಟದಲ್ಲಿ ಬರೆಯಬೇಕಾಗುತ್ತದೆ.

ಟೇಲರನ ವಿಷಯದಲ್ಲಿಯೂ ಹಾಗೆಯೇ. ಅವನು 1840ರ ದಶಕದಲ್ಲಿ ಸುರಪುರದ ಬೇಡ ನಾಯಕರ ಸಂಸ್ಥಾನದ ಆಡಳಿತವನ್ನು ನೋಡಿಕೊಂಡನು. ರಾಜ ಕೃಷ್ಣಪ್ಪ ನಾಯಕನು ತೀರಿಕೊಂಡು ಮಗ ವೆಂಕಟಪ್ಪ ನಾಯಕನು ಇನ್ನೂ ಎಳೆಯನಾಗಿದ್ದ ಕಾಲವದು. ಬಾಲರಾಜನು ಟೇಲರನನ್ನು ‘ಅಪ್ಪ’ ಎಂದು ಕರೆಯುತ್ತಿದ್ದನು. 1858ರಲ್ಲಿ ತರುಣ ನಾಯಕನು ಬ್ರಿಟಿಷರ ವಿರುದ್ಧ ದಂಗೆಯೆದ್ದು ಸೆರೆಯಾದನು. ಮೊದಲು ವಿಧಿಸಿದ ಮರಣದಂಡನೆಯನ್ನು ಇಳಿಸುತ್ತ ಬಂದು ಕೊನೆಗೆ ನಾಲ್ಕು ವರ್ಷಗಳ ಸೆರೆವಾಸವೆಂದು ತೀರ್ಮಾನವಾಯಿತು. ಆದರೆ ಕಾವಲಿನಲ್ಲಿ ಸಾಗಿಸುತ್ತಿದ್ದಾಗ ದಾರಿಯಲ್ಲಿಯೇ ಅವನು ಗುಂಡೇಟಿನಿಂದ ಮೃತನಾದನು. 1860ರಲ್ಲಿ ಸಂಸ್ಥಾನವು ನಿಜಾಮನ ಪಾಲಾಯಿತು. ಅಪ್ಪನೆಂದು ಕರೆಸಿಕೊಂಡವನು ಮಗನ ರಾಜ್ಯವನ್ನು ನುಂಗಿದ ಅಧಿಕಾರದ ನೌಕರನೂ ಆಗಿದ್ದನು. ಅವನ ಮಮತೆ ಸುಳ್ಳಲ್ಲ. ಆ ನಾಶವೂ ಸುಳ್ಳಲ್ಲ. ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟರೆ ಅದು ಚರಿತ್ರೆಯಾಗದು, ಹೊಗಳಿಕೆಯೋ ನಿಂದೆಯೋ ಆದೀತು.

ಟೇಲರನು 1876ರ ಮೇ 13ರಂದು ಫ್ರಾನ್ಸಿನ ಮಾಂತೋಂ ಎಂಬ ಊರಿನಲ್ಲಿ ಮರಣ ಹೊಂದಿದನು. ಅವನ ಆತ್ಮಕಥೆಯನ್ನು ಮಗಳು ಆಲಿಸಳು ಸಿದ್ಧಗೊಳಿಸಿ 1877ರಲ್ಲಿ ಪ್ರಕಟಿಸಿದಳು. ಇಂದು ನಾವು ಅವನನ್ನು ಕುರಿತು ಹೇಳುವ ಎಷ್ಟೋ ಸಂಗತಿಗಳಿಗೆ ಅದೇ ಆಧಾರ. ಮಗಳು ಬೆಳಕಿಗೆ ತಂದ ತಂದೆಯ ಮಾತು ಅದು ಎಂಬುದನ್ನು ನೆನಪಿನಲ್ಲಿಟ್ಟು, ಇತರ ದಾಖಲೆಗಳೊಡನೆ ಹೋಲಿಸಿ ಓದಬೇಕು.

ಈ ಬಳ್ಳಿಯ ಗಂಟುಗಳನ್ನು ಒಮ್ಮೆ ನೋಡಿರಿ. ಹೆಸರನ್ನು ಕೊಟ್ಟವಳು ಮುತ್ತಜ್ಜಿ ಮಾರ್ಗರೆಟ್. ಮನೆತನವನ್ನು ಈ ನೆಲದೊಡನೆ ರಕ್ತಸಂಬಂಧದಿಂದ ಬೆಸೆದವಳು ಫೈಜ್ ಬಕ್ಷ್. ಕಥೆಯನ್ನು ಉಳಿಸಿದವಳು ಆಲಿಸ್. ಹೆಣ್ಣುಮಕ್ಕಳ ಬಳ್ಳಿಯನ್ನು ಹಿಡಿದರೆ ಅದು ಎಲ್ಲೆಲ್ಲೋ ಹಬ್ಬುತ್ತದೆ ಎಂದ ಹೆಳವನ ಮಾತು ನಿಜ. ಹಾಗೆ ಹಬ್ಬಿದ ಬಳ್ಳಿಯು ನಾರಿಚ್, ಲಕ್ನೋ, ಸುರಪುರಗಳನ್ನು ಒಂದೇ ಮನೆಯ ಅಂಗಳಕ್ಕೆ ತಂದಿತು.

ನೀವು ಇಂದು ಮನೆಗೆ ಹೋದ ಮೇಲೆ ಒಂದು ಹಾಳೆಯ ಮೇಲೆ ನಿಮ್ಮ ವಂಶಾವಳಿಯನ್ನು ಬರೆಯಿರಿ. ಅಜ್ಜ, ಮುತ್ತಜ್ಜರ ಹೆಸರುಗಳನ್ನು ಮನೆಯವರು ಕೂಡಲೇ ಹೇಳಿಯಾರು. ಅಷ್ಟಕ್ಕೆ ನಿಲ್ಲಿಸಬೇಡಿರಿ. ಅಜ್ಜಿಯ ತಾಯಿಯ ಹೆಸರೇನು, ಆಕೆಯ ತವರೂರು ಯಾವುದು ಎಂದು ಅಜ್ಜಿಯನ್ನೇ ಕೇಳಿರಿ. ಅದನ್ನು ಬರೆದಿಟ್ಟ ಚರ್ಚಿನ ಪುಸ್ತಕ ನಮ್ಮಲ್ಲಿಲ್ಲ, ಹೇಳುವ ಹೆಳವನೂ ಇಲ್ಲ. ಅದು ಉಳಿದಿರುವುದು ಆಕೆಯ ನೆನಪಿನಲ್ಲಿ ಮಾತ್ರ.